ಸರ್ಕಾರದ ಕಸ

“ಕೈ ತೆಗಿಯೇ ಕಳ್ ಮುಂಡೆ! ನಿಮ್ಮಪ್ಪನ ಮನೆ ಆಸ್ತಿ ಅಂತ ಬಾಚ್ಕೋತಾ ಇದ್ದೀಯಾ?”

ಬಗ್ಗಿದ್ದ ಮುದ್ದಮ್ಮ ತಲೆಯೆತ್ತಿ ನೋಡಿದಳು. ಕಸದ ರಾಶಿಯ ಅಂಚಿನಲ್ಲಿ, ಪ್ಯಾಂಟಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ನಂಜುಂಡೇಶ್ ನಿಂತಿದ್ದ. ಅವಳ ಕೈಯಲ್ಲಿದ್ದ ಆಸ್ತಿ ಒಂದು ಹಾಲಿನ ಕವರು.

“ಯಾರಪ್ಪಂದೂ ಅಲ್ಲ ಬುದ್ದಿ, ಕಸ” ಅಂದಳು.

“ಕಸ ಅಲ್ಲ ಕಣೇ, ಸರ್ಕಾರದ ಸ್ವತ್ತು. ಈಗ ನನ್ನ ಸ್ವತ್ತು. ಹರಾಜಲ್ಲಿ ಕೂಗಿ ತಗಂಡಿದ್ದೀನಿ. ನಿನ್ನೆ ಟಾಂ ಟಾಂ ಹೊಡಿಸಿದ್ದು ಕಿವಿಗೆ ಬೀಳ್ಲಿಲ್ವಾ?”

ಮುದ್ದಮ್ಮನಿಗೆ ನಗು ಬಂದುಬಿಟ್ಟಿತು. ನಗಬಾರದಿತ್ತು. ನಂಜುಂಡೇಶ್ ಬೂಟುಗಾಲಿನಿಂದ ಅವಳ ಚೀಲಕ್ಕೆ ಒದ್ದ.

ಬಿದಿರುಕೊಪ್ಪಲು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿದೆ. ಅಕ್ಕಿ ಗಿರಣಿ, ಬಾರುಗಳು, ಒಂದು ಕಲ್ಯಾಣ ಮಂಟಪ ಎಲ್ಲ ಇದ್ದುದರಿಂದ ಅದು ಪಟ್ಟಣವೆನ್ನಿಸಿಕೊಂಡು, ಪಟ್ಟಣ ಪಂಚಾಯಿತಿಯನ್ನೂ ಪಡೆದಿತ್ತು. ಪಟ್ಟಣವೆಂದ ಮೇಲೆ ಕಸ ಇರಬೇಕು. ಆ ಕಸವನ್ನು ಎಲ್ಲಿ ಸುರಿಯಬೇಕು ಎಂಬ ಪ್ರಶ್ನೆ ಮಾತ್ರ ಊರಿನವರಿಗೆ ಯಾವತ್ತೂ ಎದುರಾಗಿರಲಿಲ್ಲ. ಕೇರಿ ಇದ್ದೇ ಇತ್ತಲ್ಲ, ಅದರ ಪಕ್ಕ ಸುರಿಯುತ್ತಿದ್ದರು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಸರ್ಕಾರಕ್ಕೆ ಕಸದ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಹುಟ್ಟಿತು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಬೇಕು. ಹಸಿಯದರಿಂದ ಎರೆಗೊಬ್ಬರ ಮಾಡಬೇಕು. ಒಣದನ್ನು ಮರುಬಳಕೆಗೆ ಕಳಿಸಬೇಕು. ಹೀಗೆ ಮಾಡುವ ಊರಿಗೆ ಬೆಂಗಳೂರಿನಿಂದ ಅನುದಾನ ಬರುತ್ತದೆ, ಆದರೆ ಊರು ತನ್ನ ಪಾಲಿನ ದುಡ್ಡನ್ನು ತಾನೇ ಎತ್ತಬೇಕು ಎಂದು ಆದೇಶವಾಯಿತು. ಒಣದನ್ನು ಮರುಬಳಕೆಗೆ ಕಳಿಸುವ ಕೆಲಸವನ್ನು ಗಂಡ ಸತ್ತಂದಿನಿಂದ ಮುದ್ದಮ್ಮ ಮಾಡಿಕೊಂಡೇ ಬಂದಿದ್ದಳು. ಅವಳ ಜೊತೆ ಕೇರಿಯ ಇನ್ನಷ್ಟು ಹೆಂಗಸರೂ ಇದ್ದರು. ಬಾಟಲಿ, ಕವರು, ತಗಡು ಆಯ್ದು ನರಸೀಪುರದ ಗುಜರಿಯವನಿಗೆ ಹಾಕಿ, ಬಂದದ್ದರಲ್ಲಿ ರಾಗಿ ತರುತ್ತಿದ್ದರು. ಅನುದಾನವಿಲ್ಲದೆ ಮಾಡುತ್ತಿದ್ದುದರಿಂದ ಅದನ್ನು ಯಾರೂ ಮರುಬಳಕೆ ಎಂದು ಕರೆದಿರಲಿಲ್ಲ.

ಊರ ಪಾಲನ್ನು ಎಲ್ಲಿಂದ ಎತ್ತುವುದೆಂದು ಪಂಚಾಯಿತಿಯ ಸಭೆ ಸೇರಿತು. ಮನೆಮನೆಗೆ ಕಸದ ತೆರಿಗೆ ಹಾಕೋಣವೆಂದರೆ ಮನೆಗಳಲ್ಲಿ ಓಟಿದ್ದವು. ಬಾರುಗಳಿಗೆ ಹಾಕೋಣವೆಂದರೆ ಬಾರುಗಳ ಮಾಲೀಕರೇ ಸಭೆಯಲ್ಲಿ ಕೂತಿದ್ದರು. ಊರಿನ ಅರ್ಧ ಕಸ ಹೊರಡುತ್ತಿದ್ದುದು ಕಲ್ಯಾಣ ಮಂಟಪದಿಂದ. ಅದು ಅಧ್ಯಕ್ಷ ಸಿದ್ದಮಲ್ಲಪ್ಪನವರದಾಗಿದ್ದರಿಂದ ಅದರ ಹೆಸರನ್ನು ಯಾರೂ ಎತ್ತಲಿಲ್ಲ. ಕಾಫಿ ಬಂದು ಹೋದ ಮೇಲೆ ಅಧ್ಯಕ್ಷರಿಗೇ ದಾರಿ ಹೊಳೆಯಿತು. ಕಸವನ್ನೇ ಹರಾಜು ಹಾಕುವುದು. ಪಟ್ಟಣದ ಸರಹದ್ದಿನಲ್ಲಿ ಹುಟ್ಟುವ ಸಕಲ ಕಸವೂ ಕೂಗಿದವನಿಗೆ ಸೇರತಕ್ಕದ್ದು. ಕೂಗಿದ್ದು ಅಧ್ಯಕ್ಷರ ಭಾಮೈದ ನಂಜುಂಡೇಶ್ ಒಬ್ಬನೇ. ಸಾಲದೆ ಬಂದದ್ದಕ್ಕೆ, ಬೀದಿ ಗುಡಿಸುವವರಿಗೆ ಕೊಡುತ್ತಿದ್ದ ಸೋಪು, ಎಣ್ಣೆ, ಕೈಗವಸು ನಿಲ್ಲಿಸಿ ಆ ಬಾಬ್ತನ್ನೂ ಸೇರಿಸಿಕೊಂಡರು. ಹೀಗೆ ಊರ ಕಸದ ಖರ್ಚನ್ನು, ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಕಸ ಮಾಡುವವರ ಕೈಯಿಂದ ಎತ್ತುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಅದನ್ನು ಟಾಂ ಟಾಂ ಹೊಡೆದವನು ಕೇರಿಯ ಮಾರಯ್ಯನೇ. ಹೇಳಬೇಕಾದ ಮಾತನ್ನು ಹೆಲ್ತ್ ಇನ್ಸ್‌ಪೆಕ್ಟರ್ ಗೋವಿಂದಯ್ಯ ಅವನಿಗೆ ಬಾಯಿಪಾಠ ಮಾಡಿಸಿದ್ದ. ಊರೆಲ್ಲ ಸುತ್ತಿ ಸಾರಿ, ಕೊನೆಗೆ ಕೇರಿಗೆ ಬಂದು, “ಸಮಸ್ತ ಸಾರ್ವಜನಿಕ್ರಿಗೂ ತಿಳ್ಸೋದೇನಪ್ಪಾ ಅಂದ್ರೇ, ಇವತ್ತಿಂದ ಊರ ಕಸವ ಯಾರೂ ಮುಟ್ಟಂಗಿಲ್ಲ, ಆಯಂಗಿಲ್ಲ…” ಎಂದವನು ಅರ್ಧಕ್ಕೇ ತಮಟೆ ನಿಲ್ಲಿಸಿಬಿಟ್ಟ.

“ಯಾಕ್ ಮಾವ, ನಿಲ್ಲಿಸ್ಬುಟ್ಟೆ?” ಎಂದು ಮುದ್ದಮ್ಮನ ಸೊಸೆ ರೋಜಾ ಕೇಳಿದಳು.

“ಊರೊಳಗ ಸಾರುವಾಗ ಗ್ಯಾನ ಇರ್ಲಿಲ್ಲ ಕಣ್ ಕೂಸೆ. ಇದು ನಮ್ಗೇ ಏಳ್ತಿರದು.”

ಮುದ್ದಮ್ಮ ನಂಬಲಿಲ್ಲ. “ಕಸವ ಯಾರಾರ ಕೊಂಡ್ಕಂಡರಾ? ಎಂಡ ಕುಡ್ದು ಬಂದುಟ್ಟನ ಮಾರಯ್ಯ” ಎಂದು ಬೆಳಿಗ್ಗೆ ಎಂದಿನಂತೆ ಚೀಲ ಹಿಡಿದು ಹೋಗಿದ್ದಳು.

ನಂಜುಂಡೇಶ್ ಅವಳನ್ನು ಕೈ ಹಿಡಿದು ಎಳೆಯಲಿಲ್ಲ, ಎಳೆದರೆ ಮುಟ್ಟಬೇಕಾಗುತ್ತಿತ್ತು. ಬೈಕನ್ನು ನಿಧಾನವಾಗಿ ಬಿಡುತ್ತ, ಹಾರನ್ನು ಒತ್ತುತ್ತ, ದನ ಹೊಡೆದಂತೆ ಪಂಚಾಯಿತಿ ಆಫೀಸಿನವರೆಗೂ ಅವಳನ್ನು ಮುಂದೆ ನಡೆಸಿಕೊಂಡು ಹೋದ. ಚೀಲ ಅವಳ ತಲೆಯ ಮೇಲೇ ಇತ್ತು. ಕದ್ದ ಮಾಲನ್ನು ಹೊರುವುದಕ್ಕೂ ಒಂದು ಆಳು ಬೇಕಲ್ಲ.

ಆಫೀಸಿನ ಮುಂದೆ ಹಸಿರಿನದೊಂದು, ಕೆಂಪಿನದೊಂದು ಹೊಸ ಡಬ್ಬ ಇಟ್ಟಿದ್ದರು. ಗೋವಿಂದಯ್ಯ ಮೂಗಿಗೆ ಕರ್ಚೀಫು ಒತ್ತಿಕೊಂಡು ಹೊರಗೆ ಬಂದ.

“ಸುರಿ.”

ಸುರಿದಳು. ಟಾನಿಕ್ಕಿನ ಬಾಟಲಿ, ಎಣ್ಣೆಯ ಕವರು, ಕಿತ್ತುಹೋದ ಹವಾಯಿ ಚಪ್ಪಲಿ, ಯಾವುದೋ ಮಗುವಿನ ತಲೆಯಿಲ್ಲದ ಬೊಂಬೆ. ಕೊನೆಗೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟು ಉರುಳಿತು.

“ಅದೇನದು?”

“ಮುದ್ದೆ ಸಾ. ನಂದೇಯ. ಅಟ್ಟಿಯಿಂದ ಕಟ್ಕಂಡ್ ಬಂದದ್ದು.”

“ಕಸದ ಚೀಲದಲ್ಲಿದ್ದದ್ದು ಕಸ ಅಲ್ದೆ ಇನ್ನೇನಾಯ್ತದೆ?” ಎಂದು ನಂಜುಂಡೇಶ್ ನಕ್ಕ.

ಗೋವಿಂದಯ್ಯ ನಗಲಿಲ್ಲ. ಅವನು ಮೈಸೂರಿನಲ್ಲಿ ತರಬೇತಿ ಪಡೆದು ಬಂದವನು. ಸ್ವಲ್ಪ ಯೋಚಿಸಿ ಜವಾನನನ್ನು ಕರೆದು, “ಹಸಿ ಕಸ. ಹಸಿರು ಡಬ್ಬಕ್ಕೆ ಹಾಕು. ಎರೆಹುಳಕ್ಕಾಯ್ತದೆ” ಎಂದ. ಜವಾನ ಗಂಟಿನ ಮೂಲೆ ಹಿಡಿದು ಎತ್ತಿ ಹಾಕಿದ.

ಅಷ್ಟರಲ್ಲಿ ಸಿದ್ದಮಲ್ಲಪ್ಪನವರು ಮೆಟ್ಟಿಲ ಮೇಲೆ ಕಾಣಿಸಿಕೊಂಡರು. ಹಣೆಯ ಮೇಲೆ ಅಚ್ಚಬಿಳಿ ವಿಭೂತಿ. ಅವರು ಯಾರ ಮೇಲೂ ಕೂಗಾಡುವವರಲ್ಲ. ಕೂಗಾಡಲಿಕ್ಕೆಂದೇ ಅವರಿಗೆ ಭಾಮೈದ ಇದ್ದ.

“ಏನವ್ವ ಮುದ್ದಮ್ಮ, ಈ ವಯಸ್ಸಲ್ಲಿ ನಿಂಗಿದೆಲ್ಲ ಬೇಕಾ? ಪೊಲೀಸ್ನೋರಿಗೆ ಒಂದ್ಮಾತು ಹೇಳಿದ್ರೆ ಒಳಗಾಕ್ತಾರೆ. ನಾನು ಹಂಗೆಲ್ಲ ಮಾಡೋ ಮನುಷ್ಯ ಅಲ್ಲ. ನಂಜುಂಡೇಶ್ವರನ ಮೇಲೆ ಒಂದು ಆಣೆ ಇಟ್ಬುಟ್ಟು ಮನೆಗೆ ಹೋಗು. ಈ ಊರ ಕಸವ ಇನ್ಮೇಲೆ ಮುಟ್ಟಲ್ಲ ಅನ್ನು. ಕಸ ಅಂದ್ರೆ ಎಲ್ಲಾ ಬಂತು ಅದರೊಳಗೆ. ಜೋರಾಗಿ ಹೇಳು, ನಾಕು ಜನಕ್ಕೆ ಕೇಳ್ಬೇಕು.”

ನಾಲ್ಕು ಜನವಲ್ಲ, ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ಅಲ್ಲಿ ಸೇರಿದ್ದರು. ಆಚೆ ಕಸದ ಟ್ರ್ಯಾಕ್ಟರಿನ ಪಕ್ಕ ಮುದ್ದಮ್ಮನ ಮಗ ಚಿಕ್ಕಮಾದು ಇದ್ದ. ಅವನು ಪಂಚಾಯಿತಿಯ ಲೋಡರ್, ಟ್ರ್ಯಾಕ್ಟರನ್ನೂ ಅವನೇ ಓಡಿಸುತ್ತಿದ್ದ. ಅವ್ವನ ಕಡೆ ಒಮ್ಮೆ ನೋಡಿ, ಚಕ್ರದ ಗಾಳಿ ಪರೀಕ್ಷಿಸುವವನಂತೆ ಬಗ್ಗಿಬಿಟ್ಟ.

“ನಂಜುಂಡಪ್ಪನಾಣೆ… ಊರ ಕಸವ ಮುಟ್ಟಕ್ಕಿಲ್ಲ.”

“ಹಿಂದಿರೋರಿಗೆ ಕೇಳ್ಳಿಲ್ಲ.”

“ನಂಜುಂಡಪ್ಪನಾಣೆ, ಮುಟ್ಟಕ್ಕಿಲ್ಲ!”

“ಆಂ, ಈಗ ಸರಿಹೋಯ್ತು” ಎಂದು ಅಧ್ಯಕ್ಷರು ಒಳಗೆ ಹೋದರು.

ಆಣೆ ಮುಗಿಸಿ ಹೊರಟವಳನ್ನು ಗೋವಿಂದಯ್ಯ ತಡೆದ. “ಎಲ್ಲಿಗೇ ಹೊಂಟೆ? ಸುರಿದದ್ದನ್ನ ಯಾರು ನಿಮ್ಮಪ್ಪ ಬಾಚ್ತಾನಾ? ಎಲ್ಲಾನೂ ಕೆಂಪು ಡಬ್ಬಕ್ಕೆ ತುಂಬ್ಬುಟ್ಟು ಹೋಗು.”

ಮುದ್ದಮ್ಮ ತುಂಬಿ ಹೋದಳು.

ಸಂಜೆ ರೋಜಾ ಗುಡಿಸುವ ಕೆಲಸ ಮುಗಿಸಿ ಬಂದಾಗ ಅತ್ತೆ ಹಿತ್ತಿಲ ಕಲ್ಲಿನ ಮೇಲೆ ಕೂತು ಕೈ ತೊಳೆಯುತ್ತಿದ್ದಳು. ಊರೊಳಗೆ ರೋಜಾಳ ಕಿವಿಗೆ ಎಲ್ಲ ಬಿದ್ದಿತ್ತು. ಗಂಡನ ಮೇಲೆ ಹರಿಹಾಯ್ದಳು.

“ನಿಮ್ಮವ್ವನ ನಿಲ್ಲಿಸ್ಕಂಡು ಆಟ ಆಡ್ಸುದ್ರು, ನೀನು ಟ್ಯಾರು ನೋಡ್ಕಂಡು ನಿಂತಿದ್ದ್ಯಂತಲ್ಲ, ಥೂ! ಗಂಡ್ಸೇನ್ಲಾ ನೀನು?”

“ಏನ್ಮಾಡ್ಲಿ? ಬಾಯ್ಬುಟ್ರ ನಾಳಿಕೆ ನಂಗೂ ಇಲ್ಲ, ನಿಂಗೂ ಇಲ್ಲ ಕೆಲ್ಸ. ತಿನ್ನೂದ್ ಏನಾ?”

“ಬುಡು ಕೂಸೆ, ಅವ್ನ ಅನ್ಬ್ಯಾಡ” ಅಂದಳು ಮುದ್ದಮ್ಮ. “ಕಳ್ಳಿ ಅಂದ್ರು, ಅನ್ನಿಸ್ಕಂಡಿ. ಆಣೆ ಮಾಡು ಅಂದ್ರು, ಮಾಡ್ದಿ. ಮುದ್ದೆಯ ಎತ್ತಿ ಉಳಕ್ಕ ಆಕ್ಬುಟ್ಟರಲ್ಲ…”

ರೋಜಾ ತಟ್ಟೆ ಹಾಕಿದರೆ ಅವಳು ಊಟ ಮಾಡಲಿಲ್ಲ.

ಕೇರಿಯ ಹೆಂಗಸರು ಯಾರೂ ಆ ಮೇಲೆ ರಾಶಿಯ ಕಡೆ ಹೋಗಲಿಲ್ಲ. ಹೆಮ್ಮಿಗೆಯ ಕಡೆ ಗದ್ದೆ ಕಳೆಗೆ ಕರೆದರೆ ಹೋದರು, ಕರೆಯದ ದಿನ ಮನೆಯಲ್ಲಿ ಕೂತರು. ನಂಜುಂಡೇಶ್ ಮೊದಲು ಟೆಂಪೋ ತರಿಸಿದ. ಟೆಂಪೋ ಬಂತು, ಆದರೆ ಕಸ ತಾನಾಗಿ ಹಾರಿ ಟೆಂಪೋ ಒಳಗೆ ಕೂರಲಿಲ್ಲ. ಆಯುವವರು ಬೇಕಾಯಿತು. ಊರೊಳಗಿನ ಹುಡುಗರನ್ನು ಕರೆದರೆ, “ನಮಗೇನು ಬಂದಿರೋದು ದೊಡ್ಡರೋಗ” ಎಂದರು. ಕೊನೆಗೆ ಅವನು ಕೇರಿಯ ಬಾಯಿಗೇ ಬೈಕು ತಂದು ನಿಲ್ಲಿಸಿ, ಇಳಿಯದೆ ಕೂಗಿದ:

“ಏಯ್, ಬನ್ರಮ್ಮೀ, ನನ್ನ ಕೈ ಕೆಳಗೆ ಕೂಲಿ ಕೊಡ್ತೀನಿ. ಆಯ್ದು ನನ್ನ ಟೆಂಪೋಗೆ ತುಂಬಿ. ಕಳ್ಳತನ ಅಲ್ಲ, ಕಂಪನಿ ಕೆಲಸ ಅಂದ್ಕಳಿ.”

“ಆಣೆ ಮಾಡಿವ್ನಿ ಬುದ್ದಿ” ಎಂದಳು ಮುದ್ದಮ್ಮ, ಒಲೆಯ ಮುಂದಿನಿಂದ ಏಳದೆ.

“ಅದು ಕದಿಯೋಕೆ ಕಣೇ! ಕೂಲಿಗಲ್ಲ!”

“ನಂಜುಂಡಪ್ಪಂಗ ಅದು ಬ್ಯಾರೆ ಇದು ಬ್ಯಾರೆ ಅಂತ ತಿಳಿದದ? ನಂಗ ಕಣ್ಣು ಮೊದ್ಲೇ ಸರಿ ಕಾಣಕ್ಕಿಲ್ಲ, ಪೂರ್ತಿ ಓಗ್ಬುಟ್ಟದು.”

ಉಳಿದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಂಜುಂಡೇಶ್ ಅವರವರ ಅಮ್ಮಂದಿರನ್ನೆಲ್ಲ ನೆನೆದು ಬೈಕು ತಿರುಗಿಸಿದ.

ರಾಶಿ ಬೆಳೆಯಿತು. ಗಾಳಿ ಬಂದಾಗ ಕವರುಗಳು ಊರೊಳಗೆ ಹಾರಿಬರತೊಡಗಿದವು. ಊರಿಗೂ ಅವಕ್ಕೂ ಹಳೆಯ ಪರಿಚಯ. ಇತ್ತ ಅನುದಾನದ ಮೊದಲ ಕಂತಿನಲ್ಲಿ ಎರೆಹುಳುಗಳಿಗೆ ಹೆಂಚಿನ ಶೆಡ್ಡು ಎದ್ದಿತು. ಹುಳುಗಳಿಗೆ ಬಿಸಿಲು ತಾಗಬಾರದೆಂದು ಜಾಲರಿ, ಒಣಗಬಾರದೆಂದು ನಲ್ಲಿ. ಕೇರಿಗೆ ಕೊಡುತ್ತೇವೆಂದಿದ್ದ ನಲ್ಲಿಯೂ ಅದೇ. ನೀರು ಬಿಡುವವನ ಸಂಬಳ ಯಾವ ಬಾಬ್ತಿಗೂ ಸೇರಿರಲಿಲ್ಲವಾದ್ದರಿಂದ ಹುಳುಗಳು ಬಂದ ವಾರದಲ್ಲೇ ಸತ್ತವು. ಎರಡನೇ ಕಂತು ಬಿಡುಗಡೆ ಮಾಡುವ ಮೊದಲು ನೋಡಿಹೋಗಲು ಬೆಂಗಳೂರಿನಿಂದ ಚೈತ್ರ ಎಂಬ ಮೇಡಂ ಬರುತ್ತಾರೆಂದು ಸುದ್ದಿ ಬಂದಾಗ, ಗೋವಿಂದಯ್ಯ ಕಳಲೆಯ ರೈತನೊಬ್ಬನಿಂದ ಎರಡು ಬಕೆಟ್ ಹುಳು ಸಾಲ ತಂದ.

ಮೇಡಂ ಬರುವ ದಿನ ಬೆಳಿಗ್ಗೆ, ಸಿದ್ದಮಲ್ಲಪ್ಪನವರ ಮನೆಯ ಮುಂದೆ ಬಸವ ಸತ್ತು ಬಿದ್ದಿತ್ತು.

ಅದು ದೇವರಿಗೆ ಬಿಟ್ಟ ಬಸವ. ಊರ ಬೀದಿಯೆಲ್ಲ ಅದರದೇ. ಹೆಂಗಸರು ಅದರ ಹಣೆಗೆ ಕುಂಕುಮ ಇಡುತ್ತಿದ್ದರು, ಕೊಂಬು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಆಮೇಲೆ ಮಿಕ್ಕ ಅನ್ನವನ್ನು ಕವರಿಗೆ ಹಾಕಿ ಗಂಟು ಬಿಗಿದು ಅದರ ಮುಂದೆ ಎಸೆಯುತ್ತಿದ್ದರು. ಬಸವ ಅನ್ನವನ್ನು ಕವರಿನ ಸಮೇತ ತಿನ್ನುತ್ತಿತ್ತು. ಈಗ ಹೊಟ್ಟೆ ಡೋಲಿನಂತೆ ಉಬ್ಬಿ, ನಾಲ್ಕೂ ಕಾಲು ಸೆಟೆದು, ಇಕ್ಕಟ್ಟಾದ ಬೀದಿಗೆ ಅಡ್ಡಲಾಗಿ ಮಲಗಿತ್ತು. ಬಾಯಿಯಿಂದ ನೀಲಿ ಕವರಿನ ತುದಿಯೊಂದು ಹೊರಗೆ ಬಂದಿತ್ತು.

ಸಿದ್ದಮಲ್ಲಪ್ಪನವರ ಹೆಂಡತಿ ಮಂಗಳಗೌರಿ ಅರಿಶಿನ ಕುಂಕುಮ ತಂದು ಹಾಕಿ, ಅತ್ತು, ಒಳಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡರು. ದೇವರ ಕೆಲಸ ಅಲ್ಲಿಗೆ ಮುಗಿಯಿತು. ಮಿಕ್ಕದ್ದಕ್ಕೆ ಕೇರಿಗೆ ಆಳು ಓಡಿತು.

ಮಾರಯ್ಯ ಬಂದ. ಅವನ ಹಿಂದೆ ಚಿಕ್ಕಮಾದು, ರೋಜಾ, ಮುದ್ದಮ್ಮ, ಕೇರಿಯ ಮುಕ್ಕಾಲು ಜನ. ಗುಡಿಸುವ ಹೆಂಗಸರ ಮೈಮೇಲೆ ಎಂದೂ ಇಲ್ಲದ ಹಸಿರು ಕೋಟುಗಳಿದ್ದವು. ಬೆನ್ನ ಮೇಲೆ ‘ನಮ್ಮ ಕಸ ನಮ್ಮ ಹೊಣೆ’ ಎಂದು ಬರೆದಿತ್ತು. ಮೇಡಂ ಬರುತ್ತಾರೆಂದು ಅಂದು ಬೆಳಿಗ್ಗೆ ಹಂಚಿ, ಸಂಜೆಗೆ ಒಗೆದು ವಾಪಸು ಕೊಡಬೇಕೆಂದು ಗೋವಿಂದಯ್ಯ ಹೇಳಿದ್ದ.

“ಹಗ್ಗ ತಂದ್ರೇನ್ರೋ? ಬೇಗ ಬೇಗ ಎಳೀರಿ. ಮೇಡಂ ನಂಜನಗೂಡು ಬುಟ್ಟಾಯ್ತಂತೆ” ಎಂದ ಗೋವಿಂದಯ್ಯ.

ಯಾರೂ ಮುಂದೆ ಬರಲಿಲ್ಲ. ಮಾರಯ್ಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅವನನ್ನು ನೋಡಿ ಉಳಿದವರೂ ಕಟ್ಟಿಕೊಂಡರು.

“ಏನ್ರೋ, ಕಿವಿ ಕೇಳಲ್ವಾ?”

“ಕೇಳ್ತದ ಸಾ. ಊರ ಕಸವ ಮುಟ್ಟಂಗಿಲ್ಲ ಅಂತ ನಾನೇ ಸಾರಿವ್ನಿ. ನೀವೇ ಏಳ್ಕೊಟ್ಟದ್ದು.”

“ಬಸವಣ್ಣನ್ನ ಕಸ ಅಂತೀಯೇನೋ ಬೋಳಿಮಗನೆ!” ಎಂದು ನಂಜುಂಡೇಶ್ ನುಗ್ಗಿ ಬಂದು ಮಾರಯ್ಯನ ಕೊರಳಪಟ್ಟಿ ಹಿಡಿದ. ಹಿಡಿದ ಮೇಲೆ ಮುಟ್ಟಿದ್ದು ನೆನಪಾಗಿ ಬಿಟ್ಟ.

ಸಿದ್ದಮಲ್ಲಪ್ಪನವರು ಒದ್ದೆ ಪಂಚೆಯಲ್ಲೇ ಜಗಲಿಗೆ ಬಂದರು. ಆಗ ಮುದ್ದಮ್ಮ ಗುಂಪಿನಿಂದ ಮುಂದೆ ಬಂದಳು. ಅವಳ ದನಿ ಎಂದಿನಂತೆಯೇ ಇತ್ತು.

“ನಮ್ಗ ತಿಳೀದು ಬುದ್ದಿ, ನೀವೇ ಏಳ್ಬುಡಿ. ಇದು ದ್ಯಾವ್ರಾ, ಕಸವಾ? ದ್ಯಾವ್ರಾದ್ರ ನಿಮ್ದು, ಎತ್ಕಂಡೋಗಿ ಮಣ್ ಮಾಡಿ. ಕಸ ಆದ್ರ ನಂಜುಂಡೇಶಪ್ಪೋರ್ದು, ದುಡ್ ಕೊಟ್ಟು ಕೂಗ್ಕಂಡವ್ರ. ಎಲ್ಡ್ರಲ್ಲೂ ನಮ್ದು ಯಾವ್ದೂ ಇಲ್ವಲ್ಲ.”

ಅಧ್ಯಕ್ಷರು ಬಾಯಿ ತೆರೆದರು. ದೇವರು ಎಂದರೆ ಹೆಗಲು ಕೊಡಬೇಕು. ಕಸ ಎಂದರೆ ಹಿಂದೆ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಬಾಯಿ ಮುಚ್ಚಿದರು.

ಜೀಪು ಬಂದದ್ದು ಆಗಲೇ. ಬೀದಿಗೆ ಬಸವ ಅಡ್ಡ ಬಿದ್ದಿದ್ದರಿಂದ ಅದು ಆ ಬದಿಗೇ ನಿಂತಿತು. ಇಳಿದ ಚೈತ್ರ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು, ಕಾಟನ್ ಸೀರೆ, ಕೈಯಲ್ಲಿ ನೀರಿನ ಬಾಟಲಿ. ಗೋವಿಂದಯ್ಯ ಬಸವನನ್ನು ಬಳಸಿಕೊಂಡು, ಚರಂಡಿ ದಾಟಿಕೊಂಡು ಓಡಿಹೋಗಿ ಹಾರ ಹಾಕಿದ.

“ಏನೂ ಇಲ್ಲ ಮೇಡಂ, ಸಣ್ಣ ಸಮಸ್ಯೆ. ಮೊದ್ಲು ಎರೆಹುಳ ನೋಡೋಣ ಬನ್ನಿ.”

ಮೇಡಂ ಎರೆಹುಳುವಿನ ಕಡೆ ಹೋಗಲಿಲ್ಲ. ಬಸವನ ಬಾಯಿಯ ನೀಲಿ ಕವರನ್ನೇ ನೋಡುತ್ತಿದ್ದರು. “ಇಲ್ಲಿ ಕಸ ಆಯುವ ಮಹಿಳೆಯರು ಯೋಜನೆಯಲ್ಲಿ ಪಾಲುದಾರರು ಅಂತ ನಿಮ್ಮ ವರದಿಯಲ್ಲಿದೆಯಲ್ಲ. ಎಲ್ಲಿ ಅವರು?” ಎಂದರು.

“ಇವ್ರೇ ಮೇಡಂ” ಎಂದು ಗೋವಿಂದಯ್ಯ ಹಸಿರು ಕೋಟುಗಳ ಕಡೆ ಕೈ ತೋರಿಸಿದ.

“ಏನಮ್ಮ, ಯೋಜನೆಯಿಂದ ನಿಮಗೆ ಏನು ಸಿಕ್ಕಿತು?”

“ಈ ಕೋಟು ಸಿಕ್ತು ಮೇಡಂ, ಸಾಯಂಕಾಲದ ಗಂಟ” ಎಂದಳು ರೋಜಾ. “ನಮ್ಮತ್ತೆಗೆ ಆಫೀಸ್ ಮುಂದ ಮರ್ಯಾದೆ ಸಿಕ್ತು. ನಿಮ್ ಉಳಗಳ್ಗ ನಮ್ಮನೆ ಮುದ್ದೆ ಸಿಕ್ತು.”

“ಬಾಯ್ಮುಚ್ಚೇ! ನಾಳೆಯಿಂದ ಕೆಲಸಕ್ಕೆ ಬರ್ಬೇಡ ನೀನು!” ಎಂದು ಗೋವಿಂದಯ್ಯ ಅರಚಿದ.

“ನಾಳಿಕ್ ಯಾಕ್ ಸಾ, ಇವತ್ತೇ ತಕಳಿ.”

ರೋಜಾ ಕೋಟಿನ ಗುಂಡಿ ಬಿಚ್ಚಿದಳು. ಬಿಚ್ಚಿದ್ದನ್ನು ಅವನ ಕೈಗೆ ಕೊಡಲಿಲ್ಲ. ನಾಲ್ಕು ಹೆಜ್ಜೆ ನಡೆದು, ಉಬ್ಬಿದ ಹೊಟ್ಟೆಯ ಮೇಲೆ ಹೊದಿಸಿದಳು. ಇನ್ನೊಬ್ಬಳು ಬಿಚ್ಚಿದಳು. ಮತ್ತೊಬ್ಬಳು. ಚಿಕ್ಕಮಾದು ಹೆಂಡತಿಯ ಮುಖ ನೋಡಿದ, ಅವ್ವನ ಮುಖ ನೋಡಿದ; ಟ್ರ್ಯಾಕ್ಟರಿನ ಕೀಲಿಯನ್ನು ಜೇಬಿನಿಂದ ತೆಗೆದು ಆ ಕೋಟುಗಳ ಮೇಲೆ ಇಟ್ಟ. ನಮ್ಮ ಕಸ ನಮ್ಮ ಹೊಣೆ, ನಮ್ಮ ಕಸ ನಮ್ಮ ಹೊಣೆ ಎಂದು ಬಸವನ ಮೈತುಂಬ ಅಕ್ಷರಗಳಾದವು.

ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡು ಜೀಪು ಹತ್ತಿದರು. ಎರಡನೇ ಕಂತು ಬರುತ್ತದೆಯೋ ಇಲ್ಲವೋ ಅವರು ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಜೀಪು ಹಿಂದಕ್ಕೇ ಹೋಯಿತು. ಸಿದ್ದಮಲ್ಲಪ್ಪನವರು ಒಳಗೆ ಹೋಗಿ ಸ್ಟೇಷನ್ನಿಗೆ ಫೋನು ಮಾಡಿದರು.

ನಂಜುಂಡೇಶ್ ಇಬ್ಬರು ನೆಂಟರನ್ನು ಕರೆದು ಹಗ್ಗ ಬಿಗಿದ. ಬಿಳಿ ಪ್ಯಾಂಟಿನವರು ಮೂವರೂ ಮುಖ ಆಚೆ ತಿರುಗಿಸಿಕೊಂಡು ಎಳೆದರು. ಬಸವ ಒಂದು ಗೇಣೂ ಅಲುಗಲಿಲ್ಲ. ಒಬ್ಬ ವಾಂತಿ ಮಾಡಿಕೊಂಡ, ಇನ್ನೊಬ್ಬ ಅವನನ್ನು ನೋಡಿಕೊಳ್ಳುವ ನೆಪದಲ್ಲಿ ಹೋದ. ಹಗ್ಗದ ತುದಿ ಹಿಡಿದು ನಂಜುಂಡೇಶ್ ಒಬ್ಬನೇ ಉಳಿದ.

ಹೊತ್ತು ಏರಿತು. ನೊಣಗಳು ಕವಿದವು. ಕೇರಿಯವರು ಹೋಗಲಿಲ್ಲ, ಎದುರಿನ ಗೋಡೆಯುದ್ದಕ್ಕೂ ಬಿಸಿಲಲ್ಲೇ ನಿಂತಿದ್ದರು. ಆ ಬೀದಿಯಲ್ಲಿ ನೆರಳಿದ್ದದ್ದು ಅಧ್ಯಕ್ಷರ ಮನೆಯ ಜಗಲಿಯ ಮೇಲೆ ಮಾತ್ರ. ಕೆಂಪು ಗಾರೆಯ ಜಗಲಿ. ಅದರ ಕೆಳಗೆ ನಿಂತು ಕೇರಿಯವರು ತಲೆತಲಾಂತರದಿಂದ ಬುದ್ದಿ ಬುದ್ದಿ ಎಂದಿದ್ದರು.

ಮುದ್ದಮ್ಮ ಬೀದಿ ದಾಟಿದಳು. ಮೆಟ್ಟಿಲು ಹತ್ತಿದಳು. ಜಗಲಿಯ ನಡುವೆ, ಸಿದ್ದಮಲ್ಲಪ್ಪನವರು ಸಂಜೆ ಕೂರುವ ಜಾಗದಲ್ಲಿ ಕೂತಳು.

“ಅತ್ತೆ…” ಎಂದಳು ರೋಜಾ, ಮೆಲ್ಲಗೆ.

“ಏಯ್! ಏಳೇ ಮೇಲೆ! ಎಲ್ಲಿ ಕೂತಿದ್ದೀಯ, ಗ್ಯಾನ ಇದ್ದದಾ?” ಬಾಗಿಲಿಗೆ ಬಂದ ಮಂಗಳಗೌರಿಯ ದನಿ ಕೀರಲಾಯಿತು. “ಈಗ್ತಾನೆ ಸಾರಿಸಿರೋದು ಕಣೇ!”

“ಬಿಸ್ಲು ಕಣವ್ವ” ಎಂದಳು ಮುದ್ದಮ್ಮ.

ಬೀದಿಯ ತುದಿಯಲ್ಲಿ ಪೊಲೀಸ್ ಜೀಪು ಬಂದು ನಿಂತಿತು. ಹೆಡ್ ಕಾನ್‌ಸ್ಟೆಬಲ್ ಇಳಿದು, ಲಾಠಿ ತೆಗೆದುಕೊಂಡು, ಬಸವನ ಆ ಬದಿಯವರೆಗೆ ಬಂದು ನಿಂತ. ಈ ಬದಿಗೆ ಬರಬೇಕಾದರೆ ಅದನ್ನು ದಾಟಬೇಕಿತ್ತು. ಅವನು ಟೋಪಿ ತೆಗೆದು ಮೂಗಿಗೆ ಹಿಡಿದುಕೊಂಡ.

“ಯಾರೇ ಅವ್ಳು ಮುದ್ದಿ ಅಂದ್ರೆ? ಇಳ್ದು ಬಾರೇ ಈಚೆಗೆ!”

ಮಂಗಳಗೌರಿ ಧಡಾರನೆ ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಮುದ್ದಮ್ಮ ಆ ಬಾಗಿಲಿಗೆ ಬೆನ್ನು ಆನಿಸಿ, ಕಾಲು ಚಾಚಿಕೊಂಡಳು.